ಶೀತಲಗೃಹದಲ್ಲಿಟ್ಟ ಆಪೂಸ್ ಬಣ್ಣ ತಿರುಗಿದರೂ ಸಿಹಿಯಾಗಲಿಲ್ಲ: ಕಾರಣವೇನು?

ಧಾರವಾಡದ ತೋಟಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧಾರವಾಡದ ಹತ್ತಿರ ನಮ್ಮದೊಂದು ಹಳೆಯ ಆಪೂಸ್ ತೋಟವಿದೆ. ಮೇ ತಿಂಗಳ ನಡುವೆ ಎಲ್ಲ ಕಡೆಯ ಮಾವೂ ಒಮ್ಮೆಲೇ ಮಾರುಕಟ್ಟೆಗೆ ಬಂದು ಬೆಲೆ ಕುಸಿಯುವುದರಿಂದ, ಈ ವರ್ಷ ಬಲಿತ ಹಸಿರು ಕಾಯಿಯ ಒಂದು ಭಾಗವನ್ನು ಬಾಡಿಗೆಯ ಶೀತಲಗೃಹದಲ್ಲಿಟ್ಟು ಜೂನ್ ಮೊದಲ ವಾರದಲ್ಲಿ ಮಾರಬೇಕೆಂದು ಯೋಚಿಸಿದೆವು. ಕೋಣೆಯ ಉಷ್ಣತೆ 8 ಡಿಗ್ರಿ ಸೆಲ್ಸಿಯಸ್ ಎಂದು ಅಲ್ಲಿನವರು ತಿಳಿಸಿದ್ದರು. ಮೂರು ವಾರಗಳ ಆಸುಪಾಸಿನಲ್ಲಿ ಕೆಲವು ಕ್ರೇಟುಗಳನ್ನು ಹೊರತೆಗೆದು ಎಂದಿನಂತೆ ಹುಲ್ಲಿನಲ್ಲಿ ಅಡೆ ಹಾಕಿದೆವು.

ಹಣ್ಣು ಮೆತ್ತಗಾಯಿತು, ಬಣ್ಣವೂ ಅಲ್ಲಲ್ಲಿ ತಿರುಗಿತು. ಆದರೆ ರುಚಿ ಹುಳಿ ಮತ್ತು ಸಪ್ಪೆ. ಅದೇ ಮರಗಳ ಕಾಯಿಯನ್ನು ಶೀತಲಗೃಹಕ್ಕೆ ಕಳಿಸದೆ ಮನೆಯಲ್ಲೇ ಹಣ್ಣು ಮಾಡಿದಾಗ ರಸದ ಸಿಹಿಯನ್ನು ಅಂದಾಜಿಸುವ ರಿಫ್ರ್ಯಾಕ್ಟೋಮೀಟರ್ ಎಂಬ ಮಾಪಕದಲ್ಲಿ 18ರಿಂದ 19 ಬ್ರಿಕ್ಸ್ (ಆ ಅಳತೆಯ ಮಾನ) ಬಂದಿತ್ತು. ತಂಪಿನಿಂದ ಬಂದ ಹಣ್ಣು 14ನ್ನು ದಾಟಲಿಲ್ಲ. ಕೆಲವದರ ಸಿಪ್ಪೆಯ ಮೇಲೆ ಬೂದು ಬಣ್ಣದ ಮಚ್ಚೆಗಳಿವೆ, ಇನ್ನು ಕೆಲವನ್ನು ಕೊಯ್ದಾಗ ಓಟೆಯ ಪಕ್ಕದಲ್ಲಿ ಬಿಳುಪಾದ, ಒಣಗಿದಂಥ ತಿರುಳು ಕಾಣುತ್ತದೆ.

ಹಾಸನದಲ್ಲಿ ಆಲೂಗಡ್ಡೆ ಬೆಳೆಯುವ ನಮ್ಮ ಸಂಬಂಧಿಕರೊಬ್ಬರು, ಶೀತಲಗೃಹದಲ್ಲಿಟ್ಟ ಆಲೂಗಡ್ಡೆ ಸಿಹಿಯಾಗುತ್ತದೆ ಎನ್ನುತ್ತಾರೆ. ಹಾಗಿದ್ದರೆ ಮಾವಿನಲ್ಲಿ ಇದಕ್ಕೆ ವಿರುದ್ಧವಾದದ್ದು ಆಗಿದ್ದೇಕೆ? ಸಕ್ಕರೆ ಎಲ್ಲಿ ಹೋಯಿತು, ಅಥವಾ ಅದು ಹುಟ್ಟಲೇ ಇಲ್ಲವೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಇನ್ನೂ ಕೆಲವು ಕ್ರೇಟುಗಳು ಒಳಗೇ ಇವೆ.

ಸಸ್ಯಶರೀರ ಅಧ್ಯಾಪಕಿ, ಬೆಂಗಳೂರು

ನಿಮ್ಮ ಕೊನೆಯ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಕಳೆದುಹೋದ ಸಕ್ಕರೆ ಬೇರೆ, ಹುಟ್ಟದೇ ಉಳಿದ ಸಕ್ಕರೆ ಬೇರೆ. ಎರಡಕ್ಕೂ ಕಾರಣಗಳು ಬೇರೆ, ಪರಿಹಾರಗಳೂ ಬೇರೆ.

ಮಾವು ಮರದಲ್ಲಿರುವಾಗ ಎಲೆಗಳು ತಯಾರಿಸಿದ ಸುಕ್ರೋಸ್ (ನಾವು ಅಡುಗೆಗೆ ಬಳಸುವ ಸಕ್ಕರೆಯೇ) ತೊಟ್ಟಿನ ಮೂಲಕ ಕಾಯಿಗೆ ಇಳಿಯುತ್ತದೆ ಮತ್ತು ಅದರ ದೊಡ್ಡ ಪಾಲು ತಿರುಳಿನ ಜೀವಕೋಶಗಳಲ್ಲಿ ಪಿಷ್ಟವಾಗಿ ಕೂಡಿಬೀಳುತ್ತದೆ. ಕೊಯ್ದ ಕ್ಷಣದಿಂದ ಈ ಪೂರೈಕೆ ನಿಲ್ಲುತ್ತದೆ. ಆಮೇಲೆ ಹಣ್ಣಿನಲ್ಲಿ ಹೊಸದಾಗಿ ಕಾಣಿಸುವ ಸಿಹಿಯೆಲ್ಲ ಮರದಲ್ಲಿ ತುಂಬಿದ ಆ ಕಣಜದಿಂದಲೇ ಬರಬೇಕು. ಯಾವ ಶೀತಲಗೃಹವೂ, ಯಾವ ಅನಿಲವೂ ಅದಕ್ಕೆ ಒಂದು ಕಾಳನ್ನೂ ಸೇರಿಸಲಾರದು. ಹೀಗಾಗಿ ಎಳೆಯದಾಗಿ ಕೊಯ್ದ ಕಾಯಿಯನ್ನು ಎಷ್ಟೇ ಜಾಣತನದಿಂದ ಮಾಗಿಸಿದರೂ ಅದು ಸಪ್ಪೆಯಾಗಿಯೇ ಉಳಿಯುತ್ತದೆ.

ಮಾಗುವಾಗ ಒಳಗೆ ನಡೆಯುವುದು ಒಂದೇ ಕ್ರಿಯೆಯಲ್ಲ. ಮೊದಲು ಅಮೈಲೇಸ್ ಗುಂಪಿನ ಕಿಣ್ವಗಳು ಪಿಷ್ಟವನ್ನು ಮಾಲ್ಟೋಸ್ ಮತ್ತು ಗ್ಲೂಕೋಸ್‌ಗಳಾಗಿ ಒಡೆಯುತ್ತವೆ. ಹೀಗೆ ಬಿಡುಗಡೆಯಾದ ಸಕ್ಕರೆಯ ಬಹುಭಾಗವನ್ನು ಸುಕ್ರೋಸ್ ಫಾಸ್ಫೇಟ್ ಸಿಂಥೇಸ್ ಎಂಬ ಕಿಣ್ವದ ದಾರಿಯಲ್ಲಿ ಜೀವಕೋಶವು ಮತ್ತೆ ಸುಕ್ರೋಸ್ ಆಗಿ ಜೋಡಿಸುತ್ತದೆ. ಅದರಲ್ಲಿ ಒಂದು ಪಾಲನ್ನು ಇನ್ವರ್ಟೇಸ್ ಕಿಣ್ವವು ಪುನಃ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಸೀಳುತ್ತದೆ. ಚೆನ್ನಾಗಿ ಮಾಗಿದ ಮಾವಿನಲ್ಲಿ ಹೆಚ್ಚಿನ ಪಾಲು ಸುಕ್ರೋಸ್‌ನದೇ. ಬಾಳೆಯಲ್ಲಿ ಈ ಬದಲಾವಣೆ ಇನ್ನೂ ಸ್ಪಷ್ಟ: ಹಸಿರು ಬಾಳೆಕಾಯಿಯ ತಿರುಳಿನಲ್ಲಿ ಶೇಕಡಾ 20ರಿಂದ 25ರಷ್ಟಿರುವ ಪಿಷ್ಟವು ಹಣ್ಣಾಗುವಷ್ಟರಲ್ಲಿ ಶೇಕಡಾ ಒಂದೆರಡಕ್ಕೆ ಇಳಿಯುತ್ತದೆ. ಸುಕ್ರೋಸ್ ಜೋಡಿಸುವ ಕೆಲಸಕ್ಕೆ ಶಕ್ತಿ ಬೇಕು, ಅದು ಉಸಿರಾಟದಿಂದ ಬರಬೇಕು; ಇಡೀ ಕ್ರಮಕ್ಕೆ ಚಾಲನೆ ಕೊಡುವುದು ಹಣ್ಣೇ ತಯಾರಿಸುವ ಎಥಿಲೀನ್ ಎಂಬ ಅನಿಲ.

ಈಗ ತಂಪಿನ ವಿಷಯ. ಮಾವು ಉಷ್ಣವಲಯದ ಹಣ್ಣು. ಬಲಿತ ಹಸಿರು ಕಾಯಿಯನ್ನು ಸಾಮಾನ್ಯವಾಗಿ 12ರಿಂದ 13 ಡಿಗ್ರಿಗಿಂತ ಕೆಳಗೆ ದೀರ್ಘಕಾಲ ಇಡಬಾರದು. ಅದಕ್ಕಿಂತ ತಣ್ಣಗಾದರೆ ಜೀವಕೋಶಗಳ ಪೊರೆಗಳಲ್ಲಿರುವ ಕೊಬ್ಬಿನಂಶವು ತನ್ನ ಹರಿವನ್ನು ಕಳೆದುಕೊಂಡು ಬಿಗಿಯಾಗುತ್ತದೆ, ಪೊರೆ ಸೋರತೊಡಗುತ್ತದೆ, ಶಕ್ತಿ ಉತ್ಪಾದನೆ ಕುಗ್ಗುತ್ತದೆ, ಎಥಿಲೀನ್ ತಯಾರಿಕೆಯೂ ಏರುಪೇರಾಗುತ್ತದೆ. ಇದನ್ನೇ ಶೀತಗಾಯ ಎನ್ನುತ್ತಾರೆ. ಇದು ತಣ್ಣಗಿರುವಾಗ ಹೆಚ್ಚಾಗಿ ಕಾಣಿಸುವುದಿಲ್ಲ. ಬೆಚ್ಚಗಿನ ಜಾಗಕ್ಕೆ ತಂದ ಮೇಲೆ ಬೂದು ಮಚ್ಚೆ, ಚಿಕ್ಕ ಗುಳಿ, ಅಲ್ಲಲ್ಲಿ ಮಾತ್ರ ತಿರುಗುವ ಬಣ್ಣದ ರೂಪದಲ್ಲಿ ಹೊರಬೀಳುತ್ತದೆ. ತಿರುಳನ್ನು ಮೆದುವಾಗಿಸುವ ಕಿಣ್ವಗಳು ಜೀವಕೋಶದ ಭಿತ್ತಿಯಲ್ಲಿ ಅಂಟಿನಂತಿರುವ ಪೆಕ್ಟಿನ್ ಮೇಲೆ ಕೆಲಸ ಮಾಡುವ ಬೇರೆಯೇ ಗುಂಪಿನವು. ಆದ್ದರಿಂದಲೇ ಹಣ್ಣು ಮೆತ್ತಗಾಗಿಯೂ ಸುಕ್ರೋಸ್ ಏರದೇ ಇರಬಹುದು. ಜೊತೆಗೆ ಮಾವಿನ ಮುಖ್ಯ ಹುಳಿಯಾದ ಸಿಟ್ರಿಕ್ ಆಮ್ಲವು ತಂಪಿನಲ್ಲಿ ನಿಧಾನವಾಗಿ ಕಡಿಮೆಯಾಗುತ್ತದೆ. ನಾಲಿಗೆ ಗುರುತಿಸುವುದು ಸಕ್ಕರೆ ಮತ್ತು ಹುಳಿಯ ಅನುಪಾತವನ್ನಾದ್ದರಿಂದ ಸಕ್ಕರೆ ಸ್ವಲ್ಪ ತಗ್ಗಿದರೂ ರುಚಿ ಬಹಳ ಕೆಟ್ಟಂತೆ ತೋರುತ್ತದೆ.

ಆಲೂಗಡ್ಡೆಯ ಹೋಲಿಕೆ ಇಲ್ಲಿ ದಾರಿ ತಪ್ಪಿಸುತ್ತದೆ, ಆದರೂ ಅದು ಸ್ವಾರಸ್ಯದ ವಿಷಯ. ಆಲೂಗಡ್ಡೆ ಮಾಗುವ ಹಣ್ಣಲ್ಲ, ಚಳಿಯನ್ನು ಕಳೆದು ಮೊಳೆಯಬೇಕಾದ ಗೆಡ್ಡೆ. 4 ಡಿಗ್ರಿಯ ಸುಮಾರಿಗೆ ಅದರ ಪಿಷ್ಟ ಒಡೆಯುವುದು ಮುಂದುವರಿಯುತ್ತದೆ, ಸಕ್ಕರೆ ಬಳಕೆಯಾಗುವ ವೇಗ ಮಾತ್ರ ಇಳಿಯುತ್ತದೆ, ಇನ್ವರ್ಟೇಸ್ ಚುರುಕಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಶೇಖರವಾಗುತ್ತವೆ. ಇದೇ ಕಾರಣಕ್ಕೆ ಚಿಪ್ಸ್ ತಯಾರಕರು ಅಷ್ಟು ತಣ್ಣಗಿಟ್ಟ ಗೆಡ್ಡೆಯನ್ನು ಬಯಸುವುದಿಲ್ಲ. ಕರಿದಾಗ ಅದು ಕಪ್ಪಾಗುತ್ತದೆ. ಅದನ್ನು ಕೆಲವು ವಾರ 15ರಿಂದ 20 ಡಿಗ್ರಿಯಲ್ಲಿಟ್ಟರೆ ಸಕ್ಕರೆಯ ಒಂದಂಶ ಮತ್ತೆ ಪಿಷ್ಟವಾಗುವುದೂ ಉಂಟು. ಕಿವಿ ಹಣ್ಣಿನಲ್ಲಿಯೂ ತಂಪಿನಲ್ಲೇ ಪಿಷ್ಟ ಚೆನ್ನಾಗಿ ಕರಗುತ್ತದೆ. ಮಾವಿಗೆ ಅಂಥ ಶಕ್ತಿಯಿಲ್ಲ.

ನಿಮ್ಮಲ್ಲಿ ಏನಾಗಿದೆ ಎಂದು ತಿಳಿಯಲು ಒಂದು ಸುಲಭದ ಪರೀಕ್ಷೆ ಮಾಡಿ. ಮೆತ್ತಗಾದ ಹಣ್ಣನ್ನು ಓಟೆಯ ಪಕ್ಕದಲ್ಲಿ ಉದ್ದಕ್ಕೆ ಕೊಯ್ದು, ಔಷಧ ಅಂಗಡಿಯ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ತೆಳುವಾಗಿಸಿ ಹಚ್ಚಿ. ಪಿಷ್ಟ ಉಳಿದಲ್ಲಿ ನೀಲಿಗಪ್ಪು ಬಣ್ಣ ಬರುತ್ತದೆ. ಬಂದರೆ ಸಕ್ಕರೆ ಹುಟ್ಟಲಿಲ್ಲ ಎಂದರ್ಥ. ಎಲ್ಲಿಯೂ ಬರದಿದ್ದು ಬ್ರಿಕ್ಸ್ ಮಾತ್ರ ಕಡಿಮೆಯಿದ್ದರೆ, ಕಾಯಿ ಸಾಕಷ್ಟು ಬಲಿಯದೇ ಕೊಯ್ಲಾಗಿರಬೇಕು ಇಲ್ಲವೇ ಸಕ್ಕರೆ ಉಸಿರಾಟದಲ್ಲಿ ಸುಟ್ಟುಹೋಗಿರಬೇಕು. ಬಣ್ಣ ಎಲ್ಲಿ ಬರುತ್ತದೆ ಎಂಬುದನ್ನೂ ದಯವಿಟ್ಟು ಗಮನಿಸಿ, ಅದು ಮುಖ್ಯ.

ಶೀತಲಗೃಹ ಮೇಲ್ವಿಚಾರಕ

ಮೇಡಂ ಬರೆದದ್ದಕ್ಕೆ ನಮ್ಮ ಕಡೆಯ ಒಂದು ಮಾತು ಸೇರಿಸುತ್ತೇನೆ. ಬ್ಯಾಡಗಿ ಸುತ್ತಮುತ್ತಲಿನ ಅನೇಕ ಶೀತಲಗೃಹಗಳು ಒಣಮೆಣಸಿನಕಾಯಿಗಾಗಿ ಕಟ್ಟಿದವು. ಮೆಣಸಿನಕಾಯಿಗೆ ಹೆಚ್ಚಿನ ತಂಪು ಮತ್ತು ಒಣ ಗಾಳಿ ಬೇಕು; ಮಾವಿಗೆ ಬೇಕಾದದ್ದು 13 ಡಿಗ್ರಿ ಮತ್ತು ಶೇಕಡಾ 85ರಿಂದ 90ರಷ್ಟು ತೇವಾಂಶ. ಒಂದೇ ಕಟ್ಟಡದಲ್ಲಿ ಮಾವಿಗೆ ಪ್ರತ್ಯೇಕ ಕೋಣೆಯಿಲ್ಲದಿದ್ದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಅಲ್ಲಿಡುವುದು ಬೇಡ.

ಇನ್ನೊಂದು: ಗೋಡೆಯ ಮೇಲಿನ ಮಾಪಕ ತೋರಿಸುವುದು ಗಾಳಿಯ ಉಷ್ಣತೆಯನ್ನು. ತಣ್ಣನೆಯ ಗಾಳಿ ಊದುವ ಫ್ಯಾನಿನ ಎದುರಿನ ಕ್ರೇಟು ಅದಕ್ಕಿಂತ ಎರಡು ಮೂರು ಡಿಗ್ರಿ ಕೆಳಗಿರಬಹುದು. ಸಾಲಿನ ನಡುವಿನ ಕ್ರೇಟು ಹೊಲದ ಬಿಸಿಯನ್ನು ಒಂದು ದಿನದವರೆಗೂ ಹಿಡಿದಿಟ್ಟಿರಬಹುದು. ಕಡ್ಡಿ ಥರ್ಮಾಮೀಟರನ್ನು ಕಾಯಿಯ ತಿರುಳಿಗೇ ಚುಚ್ಚಿ ನೋಡುವುದೊಂದೇ ನಂಬಲರ್ಹವಾದ ಕ್ರಮ.

ಧಾರವಾಡದ ತೋಟಿಗ

ಇಬ್ಬರಿಗೂ ಧನ್ಯವಾದಗಳು. ಅಯೋಡಿನ್ ಪರೀಕ್ಷೆ ಮಾಡಿದೆ. ಬೂದು ಮಚ್ಚೆಯಿರುವ ಹಣ್ಣುಗಳಲ್ಲಿ ಸಿಪ್ಪೆಯ ಕೆಳಗೆ ಪಟ್ಟಿಯಂತೆ ನೀಲಿಗಪ್ಪು ಬಣ್ಣ ಬಂತು, ಓಟೆಯ ಕಡೆ ಬಹುತೇಕ ಬರಲಿಲ್ಲ. ಆದರೆ ಓಟೆಯ ಪಕ್ಕ ಬಿಳಿ ತಿರುಳಿದ್ದ ಹಣ್ಣುಗಳಲ್ಲಿ ಇದಕ್ಕೆ ತಿರುವುಮುರುವಾಗಿ, ಆ ಬಿಳಿ ಭಾಗವೇ ಕಪ್ಪಾಯಿತು. ಅಂಥವು ಮನೆಯಲ್ಲೇ ಮಾಗಿಸಿದ ಹಣ್ಣುಗಳ ನಡುವೆಯೂ ಒಂದೆರಡು ಸಿಕ್ಕವು.

ಇದರ ಜೊತೆಗೆ ಇನ್ನೊಂದು ವಿಚಾರ. ನಮ್ಮಿಂದ ಕಾಯಿ ಕೊಳ್ಳುವ ಮಂಡಿಯವರು ಮುಂದಿನ ವರ್ಷಕ್ಕೆ ಹಲವು ಉಪಚಾರಗಳನ್ನು ಸೂಚಿಸುತ್ತಿದ್ದಾರೆ: ಬಿಸಿನೀರಿನಲ್ಲಿ ಅದ್ದುವುದು, ಮೇಣ ಲೇಪಿಸುವುದು, 1-ಎಂಸಿಪಿ ಎಂಬ ಅನಿಲ ಕೊಡುವುದು, ಎಥಿಲೀನ್ ಕೋಣೆ. ಇವುಗಳಲ್ಲಿ ಯಾವುದು ಸಿಹಿಯನ್ನು ಉಳಿಸುತ್ತದೆ, ಯಾವುದು ಕೆಡಿಸುತ್ತದೆ?

ಸಸ್ಯಶರೀರ ಅಧ್ಯಾಪಕಿ, ಬೆಂಗಳೂರು

ನಿಮ್ಮ ಪರೀಕ್ಷೆಯಿಂದ ಎರಡು ಬೇರೆ ಬೇರೆ ತೊಂದರೆಗಳು ಬಿಡಿಬಿಡಿಯಾಗಿ ಕಾಣುತ್ತಿವೆ. ಮಾವು ಒಳಗಿನಿಂದ ಹೊರಕ್ಕೆ, ಅಂದರೆ ಓಟೆಯ ಬಳಿಯಿಂದ ಸಿಪ್ಪೆಯ ಕಡೆಗೆ ಮಾಗುತ್ತದೆ. ಸಿಪ್ಪೆಯ ಕೆಳಗೆ ಪಿಷ್ಟ ಉಳಿದಿದೆ ಎಂದರೆ ಮಾಗುವಿಕೆ ಆರಂಭವಾಗಿ ನಡುವೆಯೇ ಸೋತಿದೆ ಎಂದರ್ಥ. ಬೂದು ಮಚ್ಚೆಗಳೂ ಅಲ್ಲಿಯೇ ಇರುವುದರಿಂದ ಇದು ಶೀತಗಾಯವೇ ಎಂದು ನಾನು ಹೇಳುತ್ತೇನೆ.

ಓಟೆಯ ಪಕ್ಕದ ಬಿಳಿ ತಿರುಳಿಗೆ ಶೀತಲಗೃಹವನ್ನು ದೂರಬೇಡಿ. ಅದು ಆಪೂಸ್ ತಳಿಯನ್ನು ಬಹುಕಾಲದಿಂದ ಕಾಡುತ್ತಿರುವ ಸ್ಪಂಜಿ ಟಿಶ್ಯೂ ಎಂಬ ತಿರುಳಿನ ದೋಷ. ಹೊರಗಿನಿಂದ ನೋಡಿದರೆ ಗುರುತು ಸಿಗದು. ಅಲ್ಲಿ ಪಿಷ್ಟ ಒಡೆಯದೆ ಉಳಿಯುತ್ತದೆ, ಸಕ್ಕರೆ ಕಡಿಮೆ, ಹುಳಿ ಹೆಚ್ಚು. ಹಣ್ಣು ಮರದಲ್ಲಿರುವಾಗಲೇ ಒಳಗಿನ ಬೀಜವು ಮೊಳೆಯುವ ಸಿದ್ಧತೆ ಆರಂಭಿಸುವುದಕ್ಕೂ ಈ ದೋಷಕ್ಕೂ ನಂಟಿದೆ ಎಂಬುದನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಧ್ಯಯನಗಳು ತೋರಿಸಿವೆ. ಕೊಯ್ಲಿನ ನಂತರದ ಯಾವ ಉಪಚಾರವೂ ಅದನ್ನು ಸರಿಪಡಿಸದು. ಕಾಯಿ ಮರದಲ್ಲಿ ಅತಿಯಾಗಿ ಬಲಿಯುವ ತನಕ ಕಾಯದೆ ಕೊಯ್ಯುವುದು, ಕೊಯ್ದ ಕಾಯಿ ಕಾದ ನೆಲದ ಬಿಸಿಗೆ ಸಿಗದಂತೆ ನೋಡಿಕೊಳ್ಳುವುದು, ಇಷ್ಟು ರೈತರ ಕೈಯಲ್ಲಿದೆ.

ಉಪಚಾರಗಳ ಬಗ್ಗೆ. ಬಿಸಿನೀರಿನಲ್ಲಿ ಎರಡು ಬಗೆಯಿದೆ ಎಂಬುದನ್ನು ಮಂಡಿಯವರು ಹೇಳಿದ್ದಾರೋ ಇಲ್ಲವೋ. 52 ಡಿಗ್ರಿಯ ನೀರಿನಲ್ಲಿ ಕೆಲವು ನಿಮಿಷ ಅದ್ದುವುದು ಕಪ್ಪುಚುಕ್ಕೆ ರೋಗ ತಡೆಯಲಿಕ್ಕೆ. 48 ಡಿಗ್ರಿಯಲ್ಲಿ ಒಂದು ಗಂಟೆ ಇಡುವುದು ರಫ್ತಿನಲ್ಲಿ ಹಣ್ಣುನೊಣದ ಮೊಟ್ಟೆ ಮತ್ತು ಹುಳು ನಾಶಮಾಡಲಿಕ್ಕೆ. ಮೊದಲನೆಯದರಿಂದ ಸಕ್ಕರೆಗೆ ಹೇಳುವಂಥ ತೊಂದರೆಯಿಲ್ಲ. ಎರಡನೆಯದು ಮಾಗುವಿಕೆಯನ್ನು ಚುರುಕುಗೊಳಿಸುತ್ತದೆ. ಆದರೆ ಕಾಯಿ ಸರಿಯಾಗಿ ಬಲಿತಿರದಿದ್ದರೆ ಶಾಖಕ್ಕೆ ಪಿಷ್ಟ ಒಡೆಯುವ ಕಿಣ್ವಗಳೇ ಸೋತು, ಸಿಪ್ಪೆಯ ಕೆಳಗೆ ಪಿಷ್ಟದ ಗಟ್ಟಿ ಪದರ ಹಾಗೆಯೇ ಉಳಿಯುತ್ತದೆ. ನೋಡಲು ಅದು ಶೀತಗಾಯದ ಹಣ್ಣಿನಂತೆಯೇ ಇರುತ್ತದೆ. ಸ್ಥಳೀಯ ಮಾರುಕಟ್ಟೆಗೆ ಕಳಿಸುವ ನಿಮಗೆ ಒಂದು ಗಂಟೆಯ ಉಪಚಾರ ಅನಗತ್ಯ.

1-ಎಂಸಿಪಿ ಎಂದರೆ 1-ಮೀಥೈಲ್‌ಸೈಕ್ಲೋಪ್ರೊಪೀನ್. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲ್ಯಾಂಕೆನ್‌ಶಿಪ್ ಇದರ ಗುಣವನ್ನು ಕಂಡುಹಿಡಿದರು. 1996ರಲ್ಲಿ ಪೇಟೆಂಟ್ ಆಯಿತು. ಎಥಿಲೀನ್ ಬಂದು ಕೂರಬೇಕಾದ ಗ್ರಾಹಿಗಳಲ್ಲಿ ಇದು ಮೊದಲೇ ಕೂತುಬಿಡುವುದರಿಂದ ಹಣ್ಣಿಗೆ ಮಾಗುವ ಸಂದೇಶ ಸಿಗುವುದಿಲ್ಲ, ಪಿಷ್ಟದ ವಿಭಜನೆ ತಡವಾಗುತ್ತದೆ. ಸೇಬಿನಲ್ಲಿ ಇದು ತಿಂಗಳುಗಟ್ಟಲೆ ಫಲ ಕೊಡುತ್ತದೆ. ಮಾವಿನಲ್ಲಿ ಲಾಭದ ಅವಧಿ ಬಹಳ ಚಿಕ್ಕದು, ಮತ್ತು ಪ್ರಮಾಣ ಹೆಚ್ಚಾದರೆ ಮಾಗುವಿಕೆ ಅಸಮವಾಗಿ ಸುವಾಸನೆ ಕುಗ್ಗುತ್ತದೆ. ಆಪೂಸಿಗೆ ಬೆಲೆ ಬರುವುದೇ ಪರಿಮಳಕ್ಕಾದ್ದರಿಂದ ನನಗೆ ಈ ವ್ಯಾಪಾರದಲ್ಲಿ ಉತ್ಸಾಹವಿಲ್ಲ. ಮೇಣದ ಲೇಪನ ತೆಳುವಾಗಿದ್ದರೆ ನೀರಿನ ನಷ್ಟವನ್ನೂ ಉಸಿರಾಟವನ್ನೂ ತಗ್ಗಿಸುತ್ತದೆ. ದಪ್ಪವಾದರೆ ಒಳಗೆ ಆಮ್ಲಜನಕ ಸಾಲದೆ ಸಕ್ಕರೆಯು ಮದ್ಯಸಾರ ಮತ್ತು ಅಸಿಟಾಲ್ಡಿಹೈಡ್‌ಗಳಾಗಿ ಹುದುಗತೊಡಗುತ್ತದೆ. ಆ ವಾಸನೆಯನ್ನು ಗಿರಾಕಿ ಒಂದೇ ತುತ್ತಿಗೆ ಗುರುತಿಸುತ್ತಾನೆ.

ಎಥಿಲೀನ್ ಸಿಹಿಯನ್ನು ಹೆಚ್ಚಿಸುವುದಿಲ್ಲ, ಇರುವ ಪಿಷ್ಟವು ಎಲ್ಲ ಹಣ್ಣುಗಳಲ್ಲೂ ಒಟ್ಟಿಗೆ ಒಡೆಯುವಂತೆ ಮಾಡುತ್ತದೆ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು 100 ಪಿಪಿಎಂವರೆಗೆ (ಗಾಳಿಯ ಹತ್ತು ಲಕ್ಷ ಪಾಲಿಗೆ 100 ಪಾಲು) ಅನುಮತಿ ಕೊಟ್ಟಿದೆ. ಸುಮಾರು 24 ಗಂಟೆ, 20ರಿಂದ 22 ಡಿಗ್ರಿ, ನಡುನಡುವೆ ಗಾಳಿ ಬದಲಿಸಿ ಇಂಗಾಲದ ಡೈಆಕ್ಸೈಡ್ ಸೇರದಂತೆ ನೋಡಿಕೊಂಡರೆ ಸಾಕು. ಇದರ ಬದಲು ಕಾರ್ಬೈಡ್ ಬಳಸುವ ಮಾತು ಯಾರಾದರೂ ಎತ್ತಿದರೆ ದೂರವಿಡಿ. ಅದು ನಿಷಿದ್ಧ, ಅದರಲ್ಲಿ ಆರ್ಸೆನಿಕ್ ಮತ್ತು ರಂಜಕದ ಕಲ್ಮಶವಿರುತ್ತದೆ. ಸಕ್ಕರೆಯ ದೃಷ್ಟಿಯಿಂದಲೂ ಅದು ಮೋಸವೇ: ಸಿಪ್ಪೆಯ ಹಸಿರು ಬೇಗ ಮಾಯವಾಗುತ್ತದೆ, ತಿರುಳಿನ ಪಿಷ್ಟ ಅಷ್ಟು ಬೇಗ ಕರಗಿರುವುದಿಲ್ಲ.

ವಿಜಯಪುರದ ದ್ರಾಕ್ಷಿ ಬೆಳೆಗಾರ

ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನಾವು ದ್ರಾಕ್ಷಿಯನ್ನು ಸೊನ್ನೆ ಡಿಗ್ರಿಯ ಹತ್ತಿರ ಇಡುತ್ತೇವೆ, ರುಚಿ ಕೆಡುವುದಿಲ್ಲ. ಕೆಲವೊಮ್ಮೆ ತಿಂಗಳ ನಂತರ ಬ್ರಿಕ್ಸ್ ತುಸು ಏರಿರುವುದೂ ಉಂಟು. ಹಾಗಾದರೆ ದ್ರಾಕ್ಷಿ ತಂಪಿನಲ್ಲಿ ಸಿಹಿಯಾಗುತ್ತದೆಯೇ?

ಆಹಾರ ವಿಜ್ಞಾನ, ಮೈಸೂರು

ಇಲ್ಲ. ದ್ರಾಕ್ಷಿಯಲ್ಲಿ ಒಡೆಯಲು ಪಿಷ್ಟದ ಸಂಗ್ರಹವೇ ಇಲ್ಲ. ಬಳ್ಳಿಯಿಂದ ಕತ್ತರಿಸಿದ ದಿನ ಎಷ್ಟು ಸಕ್ಕರೆಯಿತ್ತೋ ಅದೇ ಗರಿಷ್ಠ; ದಾಳಿಂಬೆಯ ಕಥೆಯೂ ಅದೇ. ನೀವು ಕಂಡ ಏರಿಕೆ ನೀರು ಹೋದದ್ದರ ಫಲ. 18 ಬ್ರಿಕ್ಸ್ ಇರುವ ಹಣ್ಣು ತನ್ನ ತೂಕದಲ್ಲಿ ಶೇಕಡಾ 5ರಷ್ಟು ನೀರು ಕಳೆದುಕೊಂಡರೆ, ಸಕ್ಕರೆ ಒಂದು ಕಣವೂ ಹೆಚ್ಚದೆ ಮಾಪಕ ಸುಮಾರು 19 ತೋರಿಸುತ್ತದೆ. ಆದ್ದರಿಂದ ಶೇಖರಣೆಯ ಮೊದಲು ಮತ್ತು ನಂತರದ ಬ್ರಿಕ್ಸ್ ಹೋಲಿಸುವವರು ತೂಕವನ್ನೂ ಬರೆದಿಡಬೇಕು. ರಿಫ್ರ್ಯಾಕ್ಟೋಮೀಟರು ಸಕ್ಕರೆಯೊಂದನ್ನೇ ಅಳೆಯುವುದಿಲ್ಲ, ರಸದಲ್ಲಿ ಕರಗಿರುವ ಆಮ್ಲವೂ ಅದರ ಲೆಕ್ಕಕ್ಕೆ ಸೇರುತ್ತದೆ, ಕರಗದ ಪಿಷ್ಟ ಸೇರುವುದಿಲ್ಲ. ಹಸಿರು ಮಾವಿನಕಾಯಿಯ ಬ್ರಿಕ್ಸ್ ನೋಡಿ ಅದು ಎಷ್ಟು ಸಿಹಿಯಾದೀತು ಎಂದು ಊಹಿಸುವುದು ಈ ಕಾರಣಕ್ಕೇ ವ್ಯರ್ಥ.

ಧಾರವಾಡದವರು "ಸಕ್ಕರೆ ಎಲ್ಲಿ ಹೋಯಿತು" ಎಂದು ಕೇಳಿದ್ದರಿಂದ ಉಸಿರಾಟದ ಲೆಕ್ಕವನ್ನೂ ಹೇಳುತ್ತೇನೆ. 180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿದರೆ 264 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಕಿಲೋ ಹಣ್ಣು ಕೋಣೆಯ ಉಷ್ಣತೆಯಲ್ಲಿ ಗಂಟೆಗೆ 100 ಮಿಲಿಗ್ರಾಂ ಅನಿಲ ಬಿಡುತ್ತದೆ ಎಂದಿಟ್ಟುಕೊಳ್ಳಿ. ಆಗ ದಿನಕ್ಕೆ ಸುಮಾರು 1.6 ಗ್ರಾಂ ಸಕ್ಕರೆ ಸುಡುತ್ತದೆ. ಕಿಲೋಗೆ 150 ಗ್ರಾಂ ಸಕ್ಕರೆಯಿರುವ ಹಣ್ಣಿನಲ್ಲಿ ಇದು ದಿನಕ್ಕೆ ಶೇಕಡಾ ಒಂದರಷ್ಟು. ಉಷ್ಣತೆ 10 ಡಿಗ್ರಿ ಇಳಿದರೆ ಈ ವೇಗ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಅಂದರೆ ಮೂರು ವಾರ ತಂಪಿನಲ್ಲಿದ್ದ ಮಾವು 19ರಿಂದ 14ಕ್ಕೆ ಇಳಿಯುವಷ್ಟು ಸಕ್ಕರೆಯನ್ನು ಉಸಿರಾಡಿ ಮುಗಿಸಿರಲಾರದು. ಅಯೋಡಿನ್ ಪರೀಕ್ಷೆ ಹೇಳಿದ್ದನ್ನೇ ಈ ಲೆಕ್ಕವೂ ಹೇಳುತ್ತದೆ.

ಅಧ್ಯಾಪಕಿಯವರ ಒಂದು ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಬಿಸಿ ಉಪಚಾರ ರೋಗಕ್ಕೆ ಮತ್ತು ಹಣ್ಣುನೊಣಕ್ಕೆ ಮಾತ್ರ ಎಂದು ತಳ್ಳಿಹಾಕುವಂತಿಲ್ಲ. ಶೇಖರಣೆಗೆ ಮುನ್ನ ಹದವಾಗಿ ಬಿಸಿ ತಾಕಿಸಿದರೆ ಮಾವಿನಂಥ ಹಣ್ಣುಗಳು ಆಮೇಲಿನ ತಂಪನ್ನು ಹೆಚ್ಚು ತಡೆದುಕೊಳ್ಳುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಪೀಚ್ ಹಣ್ಣಿನಲ್ಲಂತೂ ತಂಪಿನಲ್ಲಿ ಸುಕ್ರೋಸ್ ಹೆಚ್ಚು ಉಳಿಸಿಕೊಂಡ ಹಣ್ಣುಗಳಿಗೆ ಶೀತಗಾಯ ಕಡಿಮೆ ಎಂದು ಕಂಡುಬಂದಿದೆ. ಸಕ್ಕರೆ ಅಲ್ಲಿ ರುಚಿಗಷ್ಟೇ ಅಲ್ಲ, ಪೊರೆಯ ರಕ್ಷಣೆಗೂ ಒದಗುತ್ತದೆ.

ಸಸ್ಯಶರೀರ ಅಧ್ಯಾಪಕಿ, ಬೆಂಗಳೂರು

ಆ ಆಧಾರ ಇದೆ, ಒಪ್ಪುತ್ತೇನೆ. ಆದರೆ ಪ್ರಯೋಗಾಲಯದಲ್ಲಿ ಅರ್ಧ ಡಿಗ್ರಿಯ ನಿಖರತೆಯಲ್ಲಿ ಮಾಡುವುದನ್ನು ತೋಟದ ಹಂಡೆಯಲ್ಲಿ ಮಾಡಹೋದರೆ ಸುಟ್ಟ ಕಾಯಿಯೇ ಹೆಚ್ಚು ಸಿಗುತ್ತದೆ. ರೈತರಿಗೆ ಇದಕ್ಕಿಂತ ಸುಲಭದ ದಾರಿ ಇದೆ: ಒಮ್ಮೆಲೇ ತಣ್ಣಗಿನ ಕೋಣೆಗೆ ನೂಕದೆ, ಹಂತ ಹಂತವಾಗಿ ಉಷ್ಣತೆ ಇಳಿಸುವುದು. ಮಾಗಲು ಆರಂಭಿಸಿದ ಹಣ್ಣು ಹಸಿರು ಕಾಯಿಗಿಂತ ತಂಪನ್ನು ಚೆನ್ನಾಗಿ ಸಹಿಸುತ್ತದೆ. ಎಥಿಲೀನ್ ಕೊಟ್ಟು ಬಣ್ಣ ತಿರುಗತೊಡಗಿದ ಮೇಲೆ 10ರಿಂದ 12 ಡಿಗ್ರಿಗೆ ಇಳಿಸಿ ಕೆಲವು ದಿನ ತಡೆಹಿಡಿಯಬಹುದು. ಮೂರು ವಾರದ ಆಸೆಯನ್ನು ಮಾತ್ರ ತುಸು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ.

ಕೊಯ್ಲಿನ ದಿನವೇ ಕಾಯಿಯನ್ನು ನೀರಿನ ತೊಟ್ಟಿಗೆ ಹಾಕಿ ನೋಡಿ. ಮುಳುಗಿದ್ದು ಬಲಿತದ್ದು, ತೇಲಿದ್ದರಲ್ಲಿ ಪಿಷ್ಟ ಕಡಿಮೆ. ಮುಳುಗಿದ ಕಾಯಿಯನ್ನು ಮಾತ್ರ ಶೇಖರಣೆಗೆ ಕಳಿಸಿ. ತೇಲಿದ್ದು ಉಪ್ಪಿನಕಾಯಿಗೆ ಹೋಗಲಿ.

ಧಾರವಾಡದ ತೋಟಿಗ

ತುಂಬ ಉಪಕಾರವಾಯಿತು. ಒಳಗೆ ಉಳಿದಿರುವ ಕ್ರೇಟುಗಳನ್ನು ಈಗ ಏನು ಮಾಡಲಿ? ಅವುಗಳ ಸಿಪ್ಪೆ ಹೊರಗಿನಿಂದ ಚೆನ್ನಾಗಿಯೇ ಇದೆ.

ಶೀತಲಗೃಹ ಮೇಲ್ವಿಚಾರಕ

ತಣ್ಣಗಿರುವಾಗ ಸಿಪ್ಪೆ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬೇಡಿ. ಇಂದೇ ಹೊರತೆಗೆಯಿರಿ, ಒಳಗೆ ಕಳೆಯುವ ಪ್ರತಿ ದಿನವೂ ಗಾಯವನ್ನು ಹೆಚ್ಚಿಸುತ್ತದೆ. ಹುಲ್ಲಿನ ಬದಲು ಹತ್ತಿರದಲ್ಲಿ ಎಥಿಲೀನ್ ಕೋಣೆ ಸಿಕ್ಕರೆ 20ರಿಂದ 22 ಡಿಗ್ರಿಯಲ್ಲಿ ಮಾಗಿಸಿ. ತಂಪಿನಿಂದ ಎಥಿಲೀನ್ ತಯಾರಿಕೆ ಕುಗ್ಗಿದ ಹಣ್ಣಿಗೆ ಹೊರಗಿನ ಅನಿಲ ಸ್ವಲ್ಪ ನೆರವಾಗಬಹುದು. ತೇವ ಕಟ್ಟದಂತೆ ಗಾಳಿ ಆಡಲು ಬಿಡಿ. ಎರಡು ದಿನದೊಳಗೆ ಬೂದು ಮಚ್ಚೆ ಎದ್ದವನ್ನು ಬೇರೆ ಮಾಡಿಬಿಡಿ, ಅವು ಸುಧಾರಿಸುವುದಿಲ್ಲ. ಉಳಿದವನ್ನು ಪ್ರತಿ ಕ್ರೇಟಿನಿಂದ ಒಂದೊಂದು ಕೊಯ್ದು ಅಯೋಡಿನ್ ಹಚ್ಚಿ ನೋಡಿದ ಮೇಲೆಯೇ ಡಬ್ಬಿ ಕಟ್ಟಿ. ಸಿಪ್ಪೆಯ ಕೆಳಗೆ ಪಟ್ಟಿ ಕಪ್ಪಾದ ಕ್ರೇಟನ್ನು ಆಪೂಸ್ ಎಂದು ಡಬ್ಬಿಯಲ್ಲಿ ಮಾರದೆ ತಿರುಳು ತೆಗೆಯುವವರಿಗೆ ಇಂಥದ್ದೆಂದು ತಿಳಿಸಿ ಕೊಡಿ, ಸಿಕ್ಕಷ್ಟು ಬೆಲೆಗೆ.